ಮುಚ್ಚಿದ ಆಟಿಕೆಯಂಗಡಿಯೂ ಗತಕಾಲದ ಹಂಬಲವೂ

೧

ಮನುಷ್ಯನು ಕಳೆದುಹೋದುದಕ್ಕಾಗಿ ಮರುಗುವುದು ಲೋಕದಲ್ಲಿ ಹೊಸದಲ್ಲ. ತಾನು ಹುಟ್ಟಿದ ಮನೆ, ಈಜು ಕಲಿತ ಕೆರೆ, ಪಾಠ ಹೇಳಿಸಿಕೊಂಡ ಗುರುಗಳ ಮನೆಯ ಜಗಲಿ ಇವು ಇಲ್ಲವಾದಾಗ ಅವನ ಮನಸ್ಸು ನೋಯುತ್ತದೆ. ಆ ನೋವು ಸಹಜವೆಂದೂ ಯುಕ್ತವೆಂದೂ ನಾವೆಲ್ಲರೂ ಒಪ್ಪುತ್ತೇವೆ. ಆದರೆ ಒಂದು ಅಂಗಡಿ ಮುಚ್ಚಿತೆಂದು, ಅದರಲ್ಲಿಯೂ ಮಕ್ಕಳ ಆಟಿಕೆಗಳನ್ನು ಮಾರುತ್ತಿದ್ದ ಅಂಗಡಿ ಮುಚ್ಚಿತೆಂದು, ಮೂವತ್ತು ನಲವತ್ತು ವರ್ಷ ದಾಟಿದ ಗೃಹಸ್ಥರು ವ್ಯಥೆಪಟ್ಟರೆ ಅದಕ್ಕೆ ಏನೆನ್ನೋಣ? ಹಣ ಕೊಟ್ಟು ಪದಾರ್ಥ ಕೊಂಡ ಸ್ಥಳವೊಂದು ಹೃದಯದಲ್ಲಿ ಮನೆಮಾಡಿಕೊಳ್ಳಲು ಅರ್ಹವೆ? ಅದು ಬರಿಯ ಮೋಹವೆ, ಇಲ್ಲವೆ ಅದರೊಳಗೆ ವಿಚಾರವಂತನು ಗೌರವಿಸಬೇಕಾದ ಅಂಶವೇನಾದರೂ ಇದೆಯೆ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನನ್ನ ಅಪೇಕ್ಷೆ.

ಪ್ರಶ್ನೆಯು ಕಲ್ಪನೆಯಿಂದ ಹುಟ್ಟಿದುದಲ್ಲ. ಅಮೆರಿಕಾ ದೇಶದಲ್ಲಿ ನವೆಂಬರ್ ಮಾಸ ಕಳೆದು ಕ್ರಿಸ್‌ಮಸ್ ಹಬ್ಬ ಸಮೀಪಿಸಿತೆಂದರೆ ಇಂತಹ ಮರುಕವು ತಾನಾಗಿ ಎದ್ದುಬರುತ್ತದೆ. ಆ ಹಬ್ಬದಲ್ಲಿ ಮಕ್ಕಳಿಗೆ ಆಟಿಕೆಗಳನ್ನು ಕೊಡುವುದು ಅಲ್ಲಿಯ ರೂಢಿ. ಆದಕಾರಣ ಆಟಿಕೆಯ ವ್ಯಾಪಾರದ ದೊಡ್ಡ ಪಾಲು ವರ್ಷದ ಕೊನೆಯ ಎರಡು ಮೂರು ತಿಂಗಳುಗಳಲ್ಲಿಯೇ ನಡೆಯತಕ್ಕದ್ದು. ಚಳಿಗಾಲದ ಬೇಗನೆ ಕವಿಯುವ ಕತ್ತಲೆ, ಅಂಗಡಿಯ ಗಾಜಿನೊಳಗಣ ದೀಪ, ತಂದೆತಾಯಿಗಳ ಕೈಹಿಡಿದು ಬಂದ ಮಕ್ಕಳ ಸಡಗರ, ಇವೆಲ್ಲವೂ ಸೇರಿ ಒಂದೆರಡು ಪೀಳಿಗೆಯ ಜನರ ಚಿತ್ತದಲ್ಲಿ ಹಬ್ಬವೆಂಬ ಮಾತಿಗೂ ಆಟಿಕೆಯಂಗಡಿಯೆಂಬ ಮಾತಿಗೂ ಗಂಟುಬಿದ್ದಿತು. ಈಗ ಆ ಅಂಗಡಿಗಳಲ್ಲಿ ಅನೇಕವು ಇಲ್ಲ. ಗಂಟು ಮಾತ್ರ ಉಳಿದಿದೆ.

ಈ ಅಂಗಡಿಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು ಟಾಯ್ಸ್ ಆರ್ ಅಸ್ ಎಂಬುದು. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಚಾರ್ಲ್ಸ್ ಲಾಜರಸ್ ಎಂಬ ತರುಣನು ೧೯೪೮ರಲ್ಲಿ ವಾಷಿಂಗ್ಟನ್ ನಗರದಲ್ಲಿ ಎಳೆಯ ಮಕ್ಕಳ ತೊಟ್ಟಿಲು ಮೊದಲಾದ ಮರದ ಸಾಮಾನುಗಳ ಅಂಗಡಿಯನ್ನು ತೆರೆದನು. ತೊಟ್ಟಿಲನ್ನು ಒಂದು ಸಾರಿ ಕೊಂಡವರು ಮತ್ತೆ ಬರುವುದಿಲ್ಲ. ಆಟಿಕೆಯನ್ನು ಕೊಂಡವರಾದರೋ ಅದು ಮುರಿದೊಡನೆ ಮತ್ತೊಂದಕ್ಕಾಗಿ ಬರುತ್ತಾರೆ. ಈ ಸಣ್ಣ ಸಂಗತಿಯನ್ನು ಲಾಜರಸನು ಗಮನಿಸಿದನು. ೧೯೫೭ರಲ್ಲಿ ಮೇರಿಲೆಂಡ್ ಪ್ರಾಂತದ ರಾಕ್‌ವಿಲ್ ಎಂಬಲ್ಲಿ ಆಟಿಕೆಗಳಿಗಾಗಿಯೇ ಮೀಸಲಾದ ದೊಡ್ಡ ಅಂಗಡಿಯನ್ನು ತೆರೆದು, ಅದರ ಹೆಸರಿನಲ್ಲಿ ಒಂದು ಅಕ್ಷರವನ್ನು, ಬರೆಯಲು ಕಲಿಯುವ ಮಗು ಬರೆದಂತೆ, ತಿರುಗುಮುರುಗಾಗಿ ಬರೆಯಿಸಿದನು. ಜೆಫ್ರಿ ಎಂಬ ಜಿರಾಫೆಯು ಅದರ ಲಾಂಛನವಾಯಿತು. ವಸ್ತುಗಳು ಅನಿತ್ಯವೆಂಬ ತತ್ತ್ವವನ್ನು ನಮ್ಮ ಹಿರಿಯರು ವೈರಾಗ್ಯಕ್ಕೆ ಮೂಲವೆಂದು ಬೋಧಿಸಿದರು. ಈ ವ್ಯಾಪಾರಿಯು ಅದೇ ತತ್ತ್ವವನ್ನು ಲಾಭಕ್ಕೆ ಮೂಲವನ್ನಾಗಿ ಮಾಡಿಕೊಂಡನು.

ಅಂಗಡಿಯು ಬೆಳೆಯಿತು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ೨೦೦೧ರಿಂದ ೨೦೧೫ರವರೆಗೆ ಇದ್ದ ಅದರ ಮಳಿಗೆಯೊಳಗೆ ೬೦ ಅಡಿ ಎತ್ತರದ ರಾಟೆತೊಟ್ಟಿಲು ತಿರುಗುತ್ತಿತ್ತು. ನಮ್ಮ ಬೆಂಗಳೂರಿನಲ್ಲಿಯೂ ೨೦೧೭ರಲ್ಲಿ ಆ ಹೆಸರಿನ ಅಂಗಡಿಯೊಂದು ತೆರೆಯಿತು. ಆದರೆ ಅದೇ ವರ್ಷದ ಸೆಪ್ಟೆಂಬರ್ ೧೮ರಂದು ಅಮೆರಿಕೆಯ ಮೂಲಸಂಸ್ಥೆಯು ದಿವಾಳಿಯ ಅರ್ಜಿಯನ್ನು ಹಾಕಿಕೊಂಡಿತ್ತು. ೨೦೧೮ರ ಮಾರ್ಚಿಯಲ್ಲಿ ಆ ದೇಶದೊಳಗಣ ಅಂಗಡಿಗಳನ್ನೆಲ್ಲ ಮುಚ್ಚುವೆವೆಂದು ಸಾರಿದರು. ಅದಾದ ಒಂದು ವಾರಕ್ಕೆ, ಮಾರ್ಚಿ ೨೨ರಂದು, ಲಾಜರಸನು ತೀರಿಕೊಂಡನು. ಜೂನ್ ತಿಂಗಳ ಕೊನೆಯ ವೇಳೆಗೆ ೭೦೦ಕ್ಕೂ ಮೇಲ್ಪಟ್ಟ ಅಂಗಡಿಗಳು ಮುಚ್ಚಿದವು. ಆ ವರ್ಷದ ಕ್ರಿಸ್‌ಮಸ್ ಹಬ್ಬವು ಜಿರಾಫೆಯಿಲ್ಲದ ಹಬ್ಬವಾಯಿತು.

ಇದೊಂದೇ ಅಲ್ಲ. ೧೯೨೨ರಲ್ಲಿ ಆರಂಭವಾಗಿದ್ದ ಕೆ.ಬಿ. ಟಾಯ್ಸ್ ಎಂಬ ಅಂಗಡಿಗಳು ೨೦೦೯ರಲ್ಲಿಯೇ ಮುಚ್ಚಿದ್ದವು. ೧೮೬೨ರಷ್ಟು ಹಳೆಯದಾದ ಎಫ್.ಎ.ಓ. ಶ್ವಾರ್ಜ್ ಎಂಬ ಅಂಗಡಿಯು ನ್ಯೂಯಾರ್ಕಿನ ಐದನೆಯ ಅವೆನ್ಯೂವಿನ ತನ್ನ ಮಳಿಗೆಯನ್ನು ೨೦೧೫ರ ಜುಲೈನಲ್ಲಿ ಮುಚ್ಚಿತು. ಒಂದೊಂದು ಬಾಗಿಲು ಮುಚ್ಚಿದಾಗಲೂ ಜನರು ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡರು. ತಾವು ಚಿಕ್ಕವರಾಗಿದ್ದಾಗ ಕೊಂಡ ಬೊಂಬೆಯ, ಗಾಡಿಯ, ಚೆಂಡಿನ ಕಥೆಗಳನ್ನು ಹೇಳಿಕೊಂಡರು.

೨

ಈ ಮರುಕಕ್ಕೆ ಎದುರಾಗಿ ಹೇಳತಕ್ಕ ಮಾತುಗಳು ಬಲವಾಗಿಯೇ ಇವೆ. ಅವುಗಳನ್ನು ಮರೆಮಾಚದೆ ಪೂರ್ವಪಕ್ಷವಾಗಿ ಮೊದಲು ಮುಂದಿಡುವುದು ನ್ಯಾಯ.

ಮೊದಲನೆಯದಾಗಿ, ಅಂಗಡಿಯು ಮಗುವನ್ನು ಪ್ರೀತಿಸಲಿಲ್ಲ. ಮಗುವಿನ ಆಸೆಯನ್ನು ಪ್ರೀತಿಸಿತು. ಟೆಲಿವಿಷನ್ನಿನಲ್ಲಿ ಹಾಡುಗಳನ್ನು ಹಾಡಿಸಿ, ಬಣ್ಣದ ಪುಸ್ತಕಗಳನ್ನು ಮನೆಮನೆಗೆ ಕಳುಹಿಸಿ, ಇಲ್ಲದಿದ್ದ ಬಯಕೆಯನ್ನು ಇರುವಂತೆ ಮಾಡಿತು. ಎಳೆಯ ಚಿತ್ತಕ್ಕೆ ಲೋಭದ ಅಕ್ಷರಾಭ್ಯಾಸವನ್ನು ಮಾಡಿಸಿದ ಮಠ ಅದು. ಅಂತಹ ಮಠ ಮುಚ್ಚಿದರೆ ಮರುಗುವುದೇಕೆ?

ಎರಡನೆಯದಾಗಿ, ಈಗ ಜನರು ಯಾವುದನ್ನು ನೆನೆದು ಮರುಗುತ್ತಾರೋ ಅದೇ ಅಂಗಡಿಯು ತಾನು ಬೆಳೆಯುವಾಗ ಇತರ ಅಂಗಡಿಗಳನ್ನು ಮುಚ್ಚಿಸಿತು. ಬೀದಿಯ ಮೂಲೆಯಲ್ಲಿ ಒಬ್ಬನೇ ಯಜಮಾನನು ನಡೆಸುತ್ತಿದ್ದ ಸಣ್ಣ ಅಂಗಡಿಗಳಿರಲಿ, ಚೈಲ್ಡ್ ವರ್ಲ್ಡ್ ಎಂಬ ದೊಡ್ಡ ಎದುರಾಳಿಯು ೧೯೯೨ರಲ್ಲಿಯೂ, ಲಯನಲ್ ಎಂಬ ಇನ್ನೊಂದು ೧೯೯೩ರಲ್ಲಿಯೂ ಕಣ್ಣುಮುಚ್ಚಿದವು. ಅನಂತರ ವಾಲ್‌ಮಾರ್ಟ್ ಎಂಬ ಸರ್ವವಸ್ತುಗಳ ಅಂಗಡಿಯು ೧೯೯೮ರಲ್ಲಿ ಆಟಿಕೆಯ ವ್ಯಾಪಾರದಲ್ಲಿ ಇದನ್ನು ಹಿಂದೆ ಹಾಕಿತು. ತರುವಾಯ ಮನೆಯಲ್ಲಿ ಕುಳಿತೇ ತರಿಸಿಕೊಳ್ಳುವ ವ್ಯವಸ್ಥೆಯು ಬಂದು ಉಳಿದುದನ್ನು ತಿಂದಿತು. ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಇನ್ನೂ ದೊಡ್ಡ ಮೀನು ನುಂಗುವ ಈ ಮತ್ಸ್ಯನ್ಯಾಯದಲ್ಲಿ ನಡುವಿನ ಮೀನಿಗಾಗಿ ಮಾತ್ರ ಕಣ್ಣೀರು ಸುರಿಸುವುದು ಯಾವ ಧರ್ಮ? ೧೯೯೨ರಲ್ಲಿ ಚೈಲ್ಡ್ ವರ್ಲ್ಡಿಗಾಗಿ ಮರುಗಿದವರ ಮರುಕವು ಇವರಿಗೆ ಕೇಳಿಸಿತ್ತೆ?

ಮೂರನೆಯದಾಗಿ, ಆಟಿಕೆಗಳಿಗೆ ಕೊರತೆಯೇನೂ ಬಂದಿಲ್ಲ. ಮಕ್ಕಳಿಗೆ ಇಂದು ದೊರೆಯುವ ಆಟಿಕೆಗಳು ಹಿಂದಿಗಿಂತ ಕಡಿಮೆಯೆಂದು ಯಾರೂ ಹೇಳಲಾರರು. ಬಾಗಿಲಿಗೇ ಪೆಟ್ಟಿಗೆ ಬರುತ್ತದೆ. ಚಳಿಯಲ್ಲಿ ಸಾಲು ನಿಲ್ಲುವ ಕಷ್ಟವಿಲ್ಲ. ಫಲವು ದೊರೆಯುತ್ತಿರುವಾಗ ಸಾಧನವು ಬದಲಾಯಿತೆಂದು ಕೊರಗುವವನು ಅವಿವೇಕಿಯೆಂದು ಪೂರ್ವಪಕ್ಷಿಯು ತನ್ನ ವಾದವನ್ನು ಮುಗಿಸುತ್ತಾನೆ.

ಈ ಮೂರು ಮಾತುಗಳಲ್ಲಿ ಸುಳ್ಳೆಂಬುದು ಒಂದೂ ಇಲ್ಲ. ಆದರೂ ಇವನ್ನು ಕೇಳಿದ ಮೇಲೆ ಮರುಗುವವನ ಮರುಕವು ನಿಲ್ಲುವುದಿಲ್ಲ. ವಾದಕ್ಕೆ ಉತ್ತರವಿಲ್ಲ, ನೋವಿಗೆ ಉಪಶಮನವೂ ಇಲ್ಲ. ಹೀಗಾದಾಗ, ವಾದವು ಯಾವುದನ್ನು ಮುರಿಯಿತೋ ಅದು ನೋವಿನ ನಿಜವಾದ ವಿಷಯವಲ್ಲವೆಂದು ತಿಳಿಯಬೇಕು. ಆದಕಾರಣ ಹಂಬಲವೆಂದರೆ ಏನು, ಅದರ ವಿಷಯ ಯಾವುದು ಎಂಬುದನ್ನು ವಿಚಾರಿಸೋಣ.

೩

ನಮ್ಮ ತಾರ್ಕಿಕರು ಜ್ಞಾನವನ್ನು ಅನುಭವವೆಂದೂ ಸ್ಮೃತಿಯೆಂದೂ ಎರಡಾಗಿ ವಿಂಗಡಿಸುತ್ತಾರೆ. ಹಿಂದೆ ಅನುಭವಿಸಿದುದು ಚಿತ್ತದಲ್ಲಿ ಸಂಸ್ಕಾರವಾಗಿ ನಿಂತಿರುತ್ತದೆ. ಆ ಸಂಸ್ಕಾರದಿಂದ ಮಾತ್ರವೇ ಹುಟ್ಟಿದ ಜ್ಞಾನಕ್ಕೆ ಸ್ಮೃತಿಯೆಂದು ಹೆಸರು. ಎದುರಿಗಿರುವ ವಸ್ತುವನ್ನು ಕಂಡು, ಇದು ಅಂದು ನೋಡಿದ ಅದೇ ಎಂದು ಗುರುತಿಸಿದರೆ ಅದು ಪ್ರತ್ಯಭಿಜ್ಞೆ. ಈ ಭೇದವು ನಮ್ಮ ಪ್ರಕೃತ ವಿಷಯಕ್ಕೆ ಬಹಳ ಉಪಯುಕ್ತ. ಬಾಲ್ಯದ ಅಂಗಡಿಯು ತೆರೆದೇ ಇದ್ದಿದ್ದರೆ ಮನುಷ್ಯನು ಬೆಳೆದ ಮೇಲೂ ಅಲ್ಲಿಗೆ ಹೋಗುತ್ತಿದ್ದನು. ಅದೇ ಇದು ಎಂದು ಗುರುತಿಸಲು ಯತ್ನಿಸುತ್ತಿದ್ದನು. ಆಗ ಅವನಿಗೆ ಕಾಣುತ್ತಿದ್ದುದೇನು? ಬಾಲ್ಯದಲ್ಲಿ ಆಕಾಶಕ್ಕೆ ಮುಟ್ಟುವಂತಿದ್ದ ಕಪಾಟುಗಳು ಈಗ ತನ್ನ ಹೆಗಲಿಗಿಂತ ಸ್ವಲ್ಪ ಎತ್ತರವಾಗಿ ಕಾಣುತ್ತಿದ್ದವು. ಮೇಲಿನ ದೀಪವು ಬರಿಯ ಕೊಳವೆಯ ದೀಪವಾಗಿ ಕಾಣುತ್ತಿತ್ತು. ಪ್ರತ್ಯಭಿಜ್ಞೆಯು ಸ್ಮೃತಿಯನ್ನು ದಿನದಿನಕ್ಕೂ ತಿದ್ದುತ್ತದೆ. ಅಂಗಡಿ ಮುಚ್ಚಿದಾಗ ತಿದ್ದುವವರು ಇಲ್ಲವಾದರು. ಸ್ಮೃತಿಯು ಒಡೆಯನಿಲ್ಲದ ಹೊಲದಂತೆ ತನಗೆ ಬೇಕಾದಷ್ಟು ಬೆಳೆಯಿತು.

ಪಾಶ್ಚಾತ್ಯರಲ್ಲಿ ಈ ಹಂಬಲಕ್ಕೆ ನೊಸ್ಟಾಲ್ಜಿಯ ಎಂಬ ಹೆಸರಿದೆ. ಇದು ಕವಿಗಳು ಮಾಡಿದ ಮಾತಲ್ಲ, ವೈದ್ಯನೊಬ್ಬನು ಮಾಡಿದುದು. ೧೬೮೮ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬವನು ತನ್ನ ವೈದ್ಯಪ್ರಬಂಧದಲ್ಲಿ, ಮನೆಗೆ ಮರಳುವುದು, ನೋವು ಎಂಬ ಅರ್ಥಗಳುಳ್ಳ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ, ಊರನ್ನು ಬಿಟ್ಟುಬಂದ ಸ್ವಿಸ್ ಜನರನ್ನು ಕಾಡುತ್ತಿದ್ದ ಕಾಯಿಲೆಗೆ ಈ ಹೆಸರನ್ನು ಕಟ್ಟಿದನು. ಮನೆಗೆ ಕಳುಹಿಸಿದರೆ ರೋಗವು ಗುಣವಾಗುತ್ತದೆಂಬುದು ಆಗಿನ ಎಣಿಕೆ. ಒಂದು ನೂರು ವರ್ಷಗಳ ಮೇಲೆ ಜರ್ಮನ್ ತತ್ತ್ವಜ್ಞನಾದ ಕಾಂಟನು ಮನುಷ್ಯಸ್ವಭಾವವನ್ನು ಕುರಿತ ತನ್ನ ೧೭೯೮ರ ಗ್ರಂಥದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿದನು. ಊರಿಗೆ ಮರಳಿದವರಿಗೆ ರೋಗ ಗುಣವಾಗುವುದೇನೋ ನಿಜ. ಆದರೆ ಬಯಸಿದುದು ದೊರೆತುದರಿಂದಲ್ಲ, ಆಶಾಭಂಗವಾದುದರಿಂದ ಎಂದು ಅವನ ಅಭಿಪ್ರಾಯ. ಊರು ಬದಲಾಗಿದೆಯೆಂದು ಅವರು ಹೇಳುತ್ತಾರೆ. ಅಸಲಿಗೆ ಅವರು ಹುಡುಕಿಕೊಂಡು ಹೋದುದು ಊರನ್ನಲ್ಲ, ತಮ್ಮ ಯೌವನವನ್ನು.

ಕಾಂಟನ ಈ ಮಾತನ್ನು ಮುಚ್ಚಿದ ಅಂಗಡಿಗೆ ಅನ್ವಯಿಸಿ ನೋಡಿದರೆ ವಿಷಯವು ತಿಳಿಯಾಗುತ್ತದೆ. ಎಫ್.ಎ.ಓ. ಶ್ವಾರ್ಜ್ ಅಂಗಡಿಯು ೨೦೧೮ರ ನವೆಂಬರಿನಲ್ಲಿ ಅದೇ ನಗರದ ರಾಕ್‌ಫೆಲರ್ ಪ್ಲಾಜಾದಲ್ಲಿ ಮತ್ತೆ ತೆರೆಯಿತು. ಟಾಯ್ಸ್ ಆರ್ ಅಸ್ ಎಂಬ ಹೆಸರೂ ೨೦೨೧ರ ಕೊನೆಯಲ್ಲಿ ನ್ಯೂಜರ್ಸಿ ಪ್ರಾಂತದ ಒಂದು ದೊಡ್ಡ ಮಾಲಿನಲ್ಲಿಯೂ, ೨೦೨೨ರಲ್ಲಿ ಮೇಸೀಸ್ ಎಂಬ ಅಂಗಡಿಗಳ ಒಳಗಣ ಮೂಲೆಗಳಲ್ಲಿಯೂ ಮರಳಿ ಕಾಣಿಸಿಕೊಂಡಿತು. ಜಿರಾಫೆಯೂ ಬಂದಿತು. ಆದರೂ ಹಂಬಲಿಸುವವರು ಹಂಬಲಿಸುವುದನ್ನು ಬಿಡಲಿಲ್ಲ. ಬಾಗಿಲು ತೆರೆದರೂ ಮುಗಿಯದ ಹಂಬಲವು ಬಾಗಿಲಿಗಾಗಿ ಹುಟ್ಟಿದುದಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಹಾಗಾದರೆ ಇದು ಕೇವಲ ತನ್ನ ಬಾಲ್ಯಕ್ಕಾಗಿ ತಾನೇ ಅಳುವುದೆಂದು ಹೇಳಿ ವಿಚಾರವನ್ನು ಮುಗಿಸಬಹುದೆ? ಅನೇಕರು ಅಲ್ಲಿಗೇ ಮುಗಿಸುತ್ತಾರೆ. ನನಗೆ ಅದು ಅರ್ಧ ದಾರಿಯೆಂದು ತೋರುತ್ತದೆ. ಏಕೆಂದರೆ ಬಾಲ್ಯವೆಂಬುದು ಒಬ್ಬನೇ ಅನುಭವಿಸುವ ಸ್ಥಿತಿಯಲ್ಲ. ಮಗುವು ಅಂಗಡಿಗೆ ತಾನಾಗಿ ಹೋಗಲಾರದು; ಯಾರೋ ಕರೆದುಕೊಂಡು ಹೋಗಬೇಕು. ತಾನಾಗಿ ಕೊಳ್ಳಲಾರದು, ಯಾರೋ ಕೊಡಿಸಬೇಕು. ಆದಕಾರಣ ಬಾಲ್ಯದ ಪ್ರತಿಯೊಂದು ಸುಖದ ನೆನಪಿನಲ್ಲಿಯೂ, ಆ ನೆನಪಿನೊಳಗೆ ಮುಖ ಕಾಣದೆ ನಿಂತಿರುವ ಇನ್ನೊಬ್ಬರು ಇದ್ದೇ ಇರುತ್ತಾರೆ. ಮಗುವಿನ ಕಣ್ಣು ಆಟಿಕೆಯ ಮೇಲಿರುತ್ತದೆ. ಹಣ ಎಣಿಸುವ ಕೈಯ ಮೇಲೆ ಇರುವುದಿಲ್ಲ. ಇದು ಮಗುವಿನ ದೋಷವಲ್ಲ, ಮಗುತನದ ಲಕ್ಷಣ. ಬೆಳೆದವನ ಹಂಬಲವೂ ಅದೇ ಕಣ್ಣಿನಿಂದ ನೋಡುತ್ತಿದ್ದರೆ ಮಾತ್ರ ಅದು ದೋಷವಾಗುತ್ತದೆ.

೪

ಆಟಿಕೆಯ ಬೆಲೆಯನ್ನು ಕುರಿತು ನಮ್ಮ ಸಂಸ್ಕೃತ ಸಾಹಿತ್ಯದಲ್ಲಿ ಒಂದು ಅಪೂರ್ವವಾದ ಸನ್ನಿವೇಶವಿದೆ. ಶೂದ್ರಕನ ಮೃಚ್ಛಕಟಿಕ ನಾಟಕಕ್ಕೆ ಆ ಹೆಸರು ಬಂದುದು ಒಂದು ಆಟಿಕೆಯಿಂದ. ಔದಾರ್ಯದಿಂದಲೇ ಬಡವನಾದ ಚಾರುದತ್ತನಿಗೆ ರೋಹಸೇನನೆಂಬ ಎಳೆಯ ಮಗ. ನೆರೆಮನೆಯ ಗೃಹಸ್ಥನ ಮಗನ ಚಿನ್ನದ ಬಂಡಿಯೊಡನೆ ಅವನು ಆಡಿದನು. ಆ ಬಂಡಿಯನ್ನು ಅವರು ತೆಗೆದುಕೊಂಡು ಹೋದರು. ಮನೆಯ ಸೇವಕಿ ರದನಿಕೆಯು ಮಣ್ಣಿನ ಬಂಡಿಯನ್ನು ಮಾಡಿಕೊಟ್ಟಳು. ಹುಡುಗನಿಗೆ ಅದು ಬೇಡ. ಚಿನ್ನದ್ದೇ ಬೇಕೆಂದು ಅಳುತ್ತಾನೆ. ಆರನೆಯ ಅಂಕದಲ್ಲಿ ವಸಂತಸೇನೆಯು ಆ ಅಳುವನ್ನು ಕೇಳುತ್ತಾಳೆ. ಈಕೆಯೂ ನಿನಗೆ ತಾಯಿಯೆಂದು ಹೇಳಿದಾಗ, ತಾಯಿಯಾದರೆ ಮೈಮೇಲೆ ಇಷ್ಟು ಒಡವೆಗಳೇಕೆ ಎಂದು ಹುಡುಗನು ಸಂದೇಹಪಡುತ್ತಾನೆ. ಅವಳು ಕಣ್ಣೀರು ತುಂಬಿಕೊಂಡು ಒಡವೆಗಳನ್ನು ಬಿಚ್ಚಿ ಮಣ್ಣಿನ ಬಂಡಿಯಲ್ಲಿ ತುಂಬಿ, ಚಿನ್ನದ ಬಂಡಿ ಮಾಡಿಸಿಕೊ ಎನ್ನುತ್ತಾಳೆ.

ಹುಡುಗನು ಸಂತೋಷವಾಗಿ ಹೋಗುತ್ತಾನೆ. ಆ ಒಡವೆಗಳು ಮುಂದೆ ಏನಾದವೆಂಬುದು ಅವನಿಗೆ ತಿಳಿಯದು. ಒಂಬತ್ತನೆಯ ಅಂಕದಲ್ಲಿ, ನ್ಯಾಯಸ್ಥಾನದಲ್ಲಿ ಅವು ವಿದೂಷಕನ ಮಡಿಲಿನಿಂದ ಕೆಳಗೆ ಬಿದ್ದು, ಚಾರುದತ್ತನು ಮಾಡದ ಕೊಲೆಗೆ ಸಾಕ್ಷಿಯಾಗಿ ನಿಲ್ಲುತ್ತವೆ. ತಂದೆಯು ವಧ್ಯಸ್ಥಾನಕ್ಕೆ ನಡೆಯಬೇಕಾಗುತ್ತದೆ. ಮಗುವಿನ ಕೈಗೆ ಬಂದ ಆಟಿಕೆಯ ಹಿಂದೆ ಒಬ್ಬಳ ಆಭರಣವೂ ಒಬ್ಬನ ಪ್ರಾಣವೂ ತೂಗುತ್ತಿದ್ದವು. ಕೊಟ್ಟವರು ಯಾವುದನ್ನು ಬಿಚ್ಚಿ ಕೊಟ್ಟರು ಎಂಬುದರಲ್ಲಿಯೇ ಆಟಿಕೆಯ ಬೆಲೆ ಇರುತ್ತದೆ. ಪಡೆದವನಿಗೆ ಆ ಬೆಲೆ ಕಾಣುವುದು ಬಹುಕಾಲದ ಮೇಲೆ, ಕಂಡರೆ.

ಇದು ನಾಟಕದ ಮಾತೆಂದು ಯಾರೂ ತಳ್ಳಿಹಾಕಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸುಮಾರು ಮೂವತ್ತು ವರ್ಷಗಳ ಹಿಂದೆ ಕೆಲಸಕ್ಕಾಗಿ ನ್ಯೂಜರ್ಸಿಗೆ ಹೋಗಿ ಅಲ್ಲಿಯೇ ನೆಲಸಿದನು. ಅವನ ಮಗಳು ಅಲ್ಲಿಯ ಮಗುವಾಗಿ, ಅಲ್ಲಿಯ ಹಬ್ಬಗಳ ನಡುವೆ ಬೆಳೆದಳು. ೨೦೧೮ರಲ್ಲಿ ಅಂಗಡಿ ಮುಚ್ಚಿದಾಗ ಕಾಲೇಜಿನಲ್ಲಿ ಓದುತ್ತಿದ್ದ ಆ ಹುಡುಗಿಯು ಅತ್ತಳೆಂದು ಅವನು ಊರಿಗೆ ಬಂದಿದ್ದಾಗ ಹೇಳಿದನು. “ಮೇಷ್ಟ್ರೆ, ಮಗಳಿಗೆ ಆ ಅಂಗಡಿಯ ದೀಪ ನೆನಪಿದೆ, ನನಗೆ ನೆನಪಿರುವುದು ಬೆಲೆಯ ಚೀಟಿ” ಎಂದನು. ಹೋದ ಹೊಸದರಲ್ಲಿ ಅವನ ಸಂಬಳವು ಬಾಡಿಗೆಗೂ ಊರಿಗೆ ಕಳುಹಿಸುವುದಕ್ಕೂ ಸರಿಹೋಗುತ್ತಿತ್ತು. ಆದಕಾರಣ ಹಬ್ಬಕ್ಕೆ ಮೊದಲು ಒಂದು ಸಂಜೆ ತಾನೊಬ್ಬನೇ ಅಂಗಡಿಗೆ ಹೋಗಿ, ಯಾವ ಸಾಲಿನಲ್ಲಿ ತನ್ನ ಕೈಗೆಟಕುವ ಆಟಿಕೆಗಳಿವೆಯೆಂದು ನೋಡಿಟ್ಟುಕೊಂಡು ಬರುತ್ತಿದ್ದನು. ಮರುವಾರ ಮಗಳನ್ನು ಕರೆದುಕೊಂಡು ಹೋದಾಗ ಬೇರೆ ಸಾಲುಗಳನ್ನು ತಪ್ಪಿಸಿ ಆ ಸಾಲಿಗೇ ನಡೆಸುತ್ತಿದ್ದನು. ಮಗಳು ಅದನ್ನು ತನ್ನ ಆಯ್ಕೆಯೆಂದೇ ತಿಳಿದು ಕುಣಿಯುತ್ತಿದ್ದಳು.

ಅವಳು ಅತ್ತ ದಿನ ಈ ಸಂಗತಿಯನ್ನು ಅವನು ನಗುತ್ತ ಹೇಳಿಬಿಟ್ಟನಂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ಆಗೆಲ್ಲ ನಿನಗೆ ಅಂತ ಏನು ತೊಗೊಂಡೆ?” ಎಂದು ಕೇಳಿದಳಂತೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳಿದ ಗಳಿಗೆಯಲ್ಲಿ ಅವಳ ಹಂಬಲವು ಜಾತಿ ಬದಲಾಯಿಸಿತೆಂದು ನಾನು ತಿಳಿಯುತ್ತೇನೆ. ಅದುವರೆಗೆ ಅವಳು ಅಂಗಡಿಯನ್ನು ನೆನೆಯುತ್ತಿದ್ದಳು. ಅಂದು ತಂದೆಯನ್ನು ಕಂಡಳು.

೫

ಮನೆಯೊಳಗೆ ಕೊಟ್ಟವರ ಮಾತು ಇಷ್ಟಾಯಿತು. ಅಂಗಡಿಯೊಳಗೂ ಕೊಟ್ಟವರಿದ್ದರು. ಹಬ್ಬದ ಹಿಂದಿನ ರಾತ್ರಿಗಳಲ್ಲಿ ಎಚ್ಚರವಿದ್ದು ಕಪಾಟುಗಳನ್ನು ತುಂಬಿದವರು, ಮುಗಿದುಹೋದ ಬೊಂಬೆಗಾಗಿ ಗೋದಾಮಿನಲ್ಲಿ ಹುಡುಕಿ ತಂದುಕೊಟ್ಟವರು, ತಮ್ಮ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಪರರ ಮಕ್ಕಳಿಗೆ ಪೆಟ್ಟಿಗೆ ಕಟ್ಟಿದವರು, ಇವರನ್ನು ಯಾರು ನೆನೆದರು?

ಅಂಗಡಿಯು ಮುಚ್ಚಿದ ಕಾರಣವನ್ನು ಇಲ್ಲಿ ತುಸು ವಿವರಿಸಬೇಕು. ೨೦೦೫ರಲ್ಲಿ ಕೆ.ಕೆ.ಆರ್., ಬೇನ್ ಕ್ಯಾಪಿಟಲ್, ವೊರ್ನಾಡೊ ಎಂಬ ಮೂರು ಸಂಸ್ಥೆಗಳು ಕೂಡಿ ಟಾಯ್ಸ್ ಆರ್ ಅಸ್ ಸಂಸ್ಥೆಯನ್ನು ಸುಮಾರು ೬೬೦ ಕೋಟಿ ಡಾಲರಿಗೆ ಕೊಂಡವು. ಕೊಳ್ಳುವುದಕ್ಕೆ ಬೇಕಾದ ಹಣದ ಹೆಚ್ಚು ಭಾಗವನ್ನು ಸಾಲವಾಗಿ ಎತ್ತಿ, ಆ ಸಾಲವನ್ನು ಕೊಳ್ಳಲ್ಪಟ್ಟ ಅಂಗಡಿಯ ತಲೆಯ ಮೇಲೆಯೇ ಹೊರಿಸುವುದು ಈ ಬಗೆಯ ವ್ಯಾಪಾರದ ಕ್ರಮ. ಹಸುವನ್ನು ಕೊಂಡವನು ಅದರ ಬೆಲೆಯ ಸಾಲವನ್ನು ಹಸುವೇ ಹಾಲಿನಿಂದ ತೀರಿಸಲೆಂದು ಬಿಟ್ಟಂತೆ ಇದು. ಅಂಗಡಿಯ ಮೇಲೆ ೫೦೦ ಕೋಟಿ ಡಾಲರಿನ ಸಾಲ ನಿಂತಿತು. ವರ್ಷಕ್ಕೆ ಸುಮಾರು ೪೦ ಕೋಟಿ ಡಾಲರು ಆ ಸಾಲಕ್ಕೇ ಹೋಗುತ್ತಿತ್ತು. ಎದುರಾಳಿಗಳು ಬೆಳೆಯುತ್ತಿದ್ದ ಕಾಲದಲ್ಲಿ ಅಂಗಡಿಯನ್ನು ಸರಿಪಡಿಸಿಕೊಳ್ಳಲು ಬೇಕಾಗಿದ್ದ ಹಣವು ಹೀಗೆ ಹರಿದುಹೋಯಿತು. ಎದುರಾಳಿಗಳೂ ಕಾರಣ, ಸಾಲವೂ ಕಾರಣ. ಎರಡು ಕಡೆಯಿಂದ ಎಳೆದ ಹಗ್ಗವು ಕಡಿಯಿತು.

ದಿವಾಳಿಯ ನಡುವೆಯೇ, ೨೦೧೭ರ ಡಿಸೆಂಬರಿನಲ್ಲಿ, ಮೇಲಧಿಕಾರಿಗಳಿಗೆ ಬೋನಸ್ ಕೊಡಲು ನ್ಯಾಯಾಲಯದ ಒಪ್ಪಿಗೆ ದೊರೆಯಿತು. ಆದರೆ ಬಾಗಿಲು ಮುಚ್ಚಿದಾಗ ಕೆಲಸ ಕಳೆದುಕೊಂಡ ೩೦,೦೦೦ಕ್ಕೂ ಮಿಕ್ಕ ನೌಕರರಿಗೆ, ಕೆಲಸದಿಂದ ಬಿಡಿಸುವಾಗ ಕೊಡತಕ್ಕ ಪರಿಹಾರಧನವು ಇಲ್ಲವಾಯಿತು. ಇಪ್ಪತ್ತು, ಮೂವತ್ತು ವರ್ಷ ದುಡಿದವರೂ ಅವರಲ್ಲಿದ್ದರು. ಊರೆಲ್ಲ ಜಿರಾಫೆಗಾಗಿ ಮರುಗುತ್ತಿದ್ದಾಗ ಇವರು ಬರಿಗೈಯಲ್ಲಿ ಹೊರಬಂದರು.

ಅವರು ಸುಮ್ಮನಿರಲಿಲ್ಲವೆಂಬುದು ಈ ಕಥೆಯ ಗೌರವ. ಒಟ್ಟುಗೂಡಿ, ಆ ಸಂಸ್ಥೆಗಳ ಬಾಗಿಲುಗಳ ಮುಂದೆ ನಿಂತು, ಶಾಸನಸಭೆಯವರನ್ನು ಕಂಡು, ಹಣ ಹೂಡಿದ್ದ ನಿವೃತ್ತಿನಿಧಿಗಳ ಪಾಲಕರ ಮುಂದೆ ತಮ್ಮ ಕಷ್ಟವನ್ನು ಹೇಳಿಕೊಂಡರು. ೨೦೧೮ರ ನವೆಂಬರಿನಲ್ಲಿ ಕೆ.ಕೆ.ಆರ್., ಬೇನ್ ಸಂಸ್ಥೆಗಳು ೨ ಕೋಟಿ ಡಾಲರಿನ ನಿಧಿಯನ್ನು ನೌಕರರಿಗಾಗಿ ಇಟ್ಟವು. ಸಲ್ಲಬೇಕಾದುದಕ್ಕೆ ಅದು ಬಹಳ ಕಡಿಮೆ. ಆದರೂ ಏನೂ ಕೊಡಬೇಕಾಗಿಲ್ಲವೆಂಬ ಮಾತು ಸೋತಿತು. ಅಂಗಡಿಯ ಕೇಂದ್ರಕಚೇರಿಯಿದ್ದ ನ್ಯೂಜರ್ಸಿ ಪ್ರಾಂತದಲ್ಲಿ ೨೦೨೦ರ ಜನವರಿಯಲ್ಲಿ ಒಂದು ಶಾಸನವಾಯಿತು. ೨೦೨೩ರಲ್ಲಿ ಜಾರಿಗೆ ಬಂದಿತು. ದೊಡ್ಡ ಸಂಸ್ಥೆಯು ನೌಕರರನ್ನು ಗುಂಪಾಗಿ ಬಿಡಿಸಿದರೆ, ಒಬ್ಬೊಬ್ಬನಿಗೂ ಅವನು ದುಡಿದ ಒಂದೊಂದು ವರ್ಷಕ್ಕೆ ಒಂದು ವಾರದ ಸಂಬಳದಂತೆ ಕೊಡಲೇಬೇಕೆಂದು ಅದರ ವಿಧಿ. ಒಂದು ಆಟಿಕೆಯಂಗಡಿಯ ಮುಚ್ಚಿದ ಬಾಗಿಲಿನಿಂದ ಇಂತಹ ಧರ್ಮವೊಂದು ಹೊರಬಂದಿತು. ಬರಿಯ ಮರುಕವು ಇದನ್ನು ತರಲಾರದಾಗಿತ್ತು; ಸಲ್ಲಬೇಕಾದುದು ಯಾರಿಗೆ ಎಂದು ಕೇಳಿದ ನೆನಪು ತಂದಿತು.

೬

ಈಗ ಸಿದ್ಧಾಂತವನ್ನು ಹೇಳಬಹುದು. ಗತಕಾಲದ ಹಂಬಲಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಮನುಷ್ಯನು ವಸ್ತುವಿಗಾಗಿ ಮರುಗುತ್ತಾನೆ: ಆ ಅಂಗಡಿ, ಆ ದೀಪ, ಆ ಬೊಂಬೆ. ಇಲ್ಲಿಯೇ ನಿಂತವನನ್ನು ವ್ಯಾಪಾರಿಯು ಬಹು ಸುಲಭವಾಗಿ ಮರುಳುಮಾಡುತ್ತಾನೆ; ಹಳೆಯ ಹೆಸರಿನ ಹಲಗೆಯನ್ನು ಹೊಸ ಗೋಡೆಗೆ ತಗುಲಿಸಿದರೆ ಸಾಕು. ಎರಡನೆಯದರಲ್ಲಿ ತನಗಾಗಿಯೇ ಮರುಗುತ್ತಾನೆ: ನನ್ನ ಬಾಲ್ಯ ಹೋಯಿತೆಂದು. ಇದು ಸತ್ಯಕ್ಕೆ ಒಂದು ಹೆಜ್ಜೆ ಹತ್ತಿರ. ಆದರೆ ಇಲ್ಲಿ ನಿಂತವನು ಕನ್ನಡಿಯ ಮುಂದೆ ಕುಳಿತು ಅಳುವವನಂತೆ. ಅವನ ಕಣ್ಣೀರು ಯಾರ ಹೊಲಕ್ಕೂ ಹರಿಯುವುದಿಲ್ಲ. ಮೂರನೆಯ ಮೆಟ್ಟಿಲಿನಲ್ಲಿ ಮಾತ್ರ ಅವನಿಗೆ ಕೊಟ್ಟವರು ಕಾಣುತ್ತಾರೆ. ಆಗ ಹಂಬಲವು ಕೃತಜ್ಞತೆಯಾಗುತ್ತದೆ.

ಮನುಷ್ಯನು ಋಣವನ್ನು ಹೊತ್ತೇ ಹುಟ್ಟುತ್ತಾನೆಂದು ನಮ್ಮ ಶ್ರುತಿಯು ಹೇಳುತ್ತದೆ. ಅದನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡುವಾಗ ಅದರ ಅರ್ಥವು ತಿಳಿಯುವುದಿಲ್ಲ. ಏಕೆಂದರೆ ಋಣವು ಬೆಳೆಯುತ್ತಿರುವ ಕಾಲವೇ ಅದು. ಸಾಲಪತ್ರವನ್ನು ಓದುವ ಕಣ್ಣು ಬರುವ ವೇಳೆಗೆ ಅನೇಕ ಸಾರಿ ಸಾಲ ಕೊಟ್ಟವರು ಇರುವುದಿಲ್ಲ. ಹಬ್ಬ ಬಂದಾಗ ಎದೆಯಲ್ಲಿ ಏಳುವ ಕಾರಣವಿಲ್ಲದ ನೋವು ತೀರಿಸದ ಋಣದ ಬಡ್ಡಿಯೆಂದೇ ನನ್ನ ಅಭಿಪ್ರಾಯ. ಅದನ್ನು ರೋಗವೆಂದು ಹೋಫರನಂತೆ ಚಿಕಿತ್ಸೆ ಮಾಡಬೇಕಾಗಿಲ್ಲ. ಮೋಹವೆಂದು ಪೂರ್ವಪಕ್ಷಿಯಂತೆ ಹಳಿಯಬೇಕಾಗಿಯೂ ಇಲ್ಲ. ಓದಿಕೊಳ್ಳಬೇಕು.

ಓದಿಕೊಂಡ ಮೇಲೆ ಮಾಡತಕ್ಕದ್ದೇನು? ಋಣವನ್ನು ಹಿಂದಕ್ಕೆ ತೀರಿಸಲು ಸಾಧ್ಯವಿರುವವರು, ಅಂದರೆ ತಂದೆತಾಯಿಗಳು ಇನ್ನೂ ಇರುವವರು, ಆ ಹುಡುಗಿಯು ಕೇಳಿದ ಪ್ರಶ್ನೆಯನ್ನು ಕೇಳಲಿ. ಉತ್ತರ ಬಾರದಿದ್ದರೂ ಚಿಂತೆಯಿಲ್ಲ, ಕೇಳಿದುದೇ ದೊಡ್ಡದು. ಇಲ್ಲದವರು ಮುಂದಕ್ಕೆ ತೀರಿಸಲಿ. ಮಕ್ಕಳಿಗೆ ಆಟಿಕೆಯನ್ನು ಪೆಟ್ಟಿಗೆಯಲ್ಲಿ ತರಿಸಿಕೊಟ್ಟರೂ ಬಾಧಕವಿಲ್ಲ. ಜೊತೆಯಲ್ಲಿ ಒಂದು ಸಂಜೆಯನ್ನೂ ಕೊಡಲಿ. ಅಂಗಡಿಯು ಕೊಟ್ಟುದು ಆಟಿಕೆಯನ್ನು ಮಾತ್ರ. ಸಂಜೆಯನ್ನು ಕೊಟ್ಟವರು ಮನೆಯವರು. ಆ ಸಂಜೆಗೆ ಅಂಗಡಿ ಬೇಕೇಬೇಕೆಂಬ ನಿಯಮವಿಲ್ಲ. ಮತ್ತು ಆ ಪೆಟ್ಟಿಗೆಯನ್ನು ಚಳಿಯಲ್ಲಿ, ಮಳೆಯಲ್ಲಿ ಬಾಗಿಲಿಗೆ ಹೊತ್ತುತಂದವನ ಮುಖವನ್ನು ಒಂದು ಕ್ಷಣ ನೋಡಲಿ. ಇಂದಿನ ಮಕ್ಕಳು ದೊಡ್ಡವರಾದ ಮೇಲೆ ಯಾವುದಕ್ಕಾಗಿ ಹಂಬಲಿಸುವರೋ ನಾವರಿಯೆವು. ಬಾಗಿಲಿನ ಗಂಟೆಯ ಸದ್ದಿಗಾಗಿಯೇ ಹಂಬಲಿಸಿದರೂ ಹಂಬಲಿಸಬಹುದು. ಆಗ ಅವರು ನೆನೆಯುವುದರಲ್ಲಿ ಆ ಮುಖವೂ ಇರಬೇಕಾದರೆ, ಅದನ್ನು ನೋಡುವ ಅಭ್ಯಾಸವನ್ನು ಈಗಲೇ ನಾವು ಮಾಡಿಸಬೇಕು.

ಹಂಬಲವನ್ನು ಯಾರೂ ಬಿಡಬೇಕಾಗಿಲ್ಲ. ಅದು ಕೊಟ್ಟವರ ಬಾಗಿಲಿನವರೆಗೆ ನಡೆಯಲಿ ಎಂಬುದಷ್ಟೇ ನನ್ನ ಪ್ರಾರ್ಥನೆ. ಸಹೃದಯರಾದ ವಾಚಕರು ಇದರಲ್ಲಿ ಗ್ರಾಹ್ಯವಾದುದನ್ನು ಗ್ರಹಿಸಿ, ಉಳಿದುದನ್ನು ವಿಚಾರಿಸಬೇಕೆಂದು ಕೋರಿ ವಿರಮಿಸುತ್ತೇನೆ.